ಕಹಿಯ ಜೊತೆ ರಾಜಿಯಾದದ್ದು

ಕಾಫಿ ಬೆಳೆಯುವ ಮನೆಯಲ್ಲಿ ಹುಟ್ಟಿ ಕಾಫಿ ಕುಡಿಯದೇ ಇರುವ ಕಷ್ಟ ಏನೆಂದು ನನ್ನನ್ನು ಕೇಳಿ. ನಮ್ಮ ಮೂಡಿಗೆರೆ ಕಡೆ ಯಾರ ಮನೆಗೆ ಹೋದರೂ ಕೂರುವ ಮೊದಲೇ ಕಾಫಿ ಲೋಟ ಬಂದುಬಿಡುತ್ತದೆ. ‘ಬೇಡ ಅತ್ತೆ’ ಅಂದರೆ ‘ಯಾಕೆ, ನಮ್ಮನೆ ಕಾಫಿ ಆಗಲ್ವಾ?’ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಮೀಸೆ ಬಂದ ಮೇಲೂ ನನ್ನ ಮುಂದೆ ಇಡುತ್ತಿದ್ದದ್ದು ಹಾಲಿನ ಲೋಟ. ನೆಂಟರ ಮಕ್ಕಳೆಲ್ಲ ನನಗೆ ಇಟ್ಟ ಹೆಸರು ‘ಹಾಲುಪಾರ್ಟಿ’.

ಕಾರಣ ಸರಳ. ಅದು ಕಹಿ. ಅಷ್ಟೇ ಅಲ್ಲ, ನಾವು ಬೆಳೆಯುವುದು ರೊಬಸ್ಟಾ. ಅರೇಬಿಕಾಗೆ ಹೋಲಿಸಿದರೆ ಅದರಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಮನೆಯ ಡಿಕಾಕ್ಷನ್ ಅಂತೂ ಟಾರಿನಷ್ಟು ಗಟ್ಟಿ! ನಾಲಿಗೆಯಲ್ಲಿ ಕಹಿ ಹಿಡಿಯುವ ಗ್ರಾಹಕಗಳೇ ಸುಮಾರು 25 ಬಗೆಯವು ಇವೆಯಂತೆ. ಗಿಡಗಳಲ್ಲಿರುವ ವಿಷ ಹೆಚ್ಚಾಗಿ ಕಹಿಯಾಗಿರುವುದರಿಂದ ದೇಹ ಕೊಡುವ ಎಚ್ಚರಿಕೆ ಅದು. ಮಕ್ಕಳು ಹಾಗಲಕಾಯಿ ಉಗಿಯುವುದು ಹಟದಿಂದಲ್ಲ, ಹುಟ್ಟುಗುಣದಿಂದ.

ಬಿ.ಇ. ಸೇರಿ ಬೆಂಗಳೂರಿನ ಹಾಸ್ಟೆಲ್‌ಗೆ ಬಂದಾಗ ರೂಮ್‌ಮೇಟ್ ಆಗಿ ಸಿಕ್ಕಿದವನು ತುಮಕೂರಿನವನು. ಅವನ ಟ್ರಂಕ್‌ನಲ್ಲಿ ಪುಸ್ತಕಕ್ಕಿಂತ ಮೇಲೆ ಇದ್ದದ್ದು ಸ್ಟೀಲ್ ಫಿಲ್ಟರ್. ‘ಕಾಫಿ ನಾಡಿನವನು ಕಾಫಿ ಕುಡಿಯಲ್ವಾ? ನಾಚಿಕೆ ಆಗಲ್ವಾ ಮಗಾ?’ ಎಂದು ದಿನಾ ಅರ್ಧ ಲೋಟ ಕೈಗಿಡುತ್ತಿದ್ದ. ಮೊದಲ ವಾರ ಮೂರು ಚಮಚ ಸಕ್ಕರೆ. ಎರಡನೇ ಸೆಮಿಸ್ಟರ್ ಹೊತ್ತಿಗೆ ಎರಡು. ಇಂಟರ್ನಲ್ಸ್‌ಗೆ ಓದುತ್ತಿದ್ದ ಒಂದು ರಾತ್ರಿ ಸಕ್ಕರೆಯೇ ಖಾಲಿ. ಹಾಗೇ ಕುಡಿದೆ. ಕಹಿಯ ಹಿಂದೆ ಇನ್ನೂ ಏನೋ ಇತ್ತು. ಹುರಿದ ಕಡಲೆಯಂಥದ್ದು, ಮಳೆ ಬಿದ್ದ ತೋಟದ ಮಣ್ಣಿನಂಥದ್ದು. ಅಷ್ಟು ದಿನ ಸಕ್ಕರೆ ಅದನ್ನು ಮುಚ್ಚಿಟ್ಟಿತ್ತು.

‘ಬಿಯರ್ ಕೂಡ ಹೀಗೇ ಮಚ್ಚಾ, ಮೊದಲು ಕಹಿ, ಆಮೇಲೆ ಖುಷಿ’ ಎಂದು ಪಕ್ಕದ ರೂಮಿನ ಸೀನಿಯರ್ ಉಪದೇಶ ಮಾಡಿದ. ಇರಬಹುದು. ಅದರ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಬರುತ್ತದೆ, ಅದನ್ನೂ ನಾಲಿಗೆ ನಿಧಾನಕ್ಕೆ ಕಲಿಯುತ್ತದೆ. ಆದರೆ ಯಾವ ಕಹಿಯನ್ನು ಕಲಿಯಬೇಕು ಎಂಬ ಆಯ್ಕೆ ನನ್ನದಲ್ಲವೇ? ಇಪ್ಪತ್ತಕ್ಕೆ ನನಗೆ ಒಂದೇ ಸಾಕು.

ಜನವರಿ ರಜೆಗೆ ಊರಿಗೆ ಹೋದಾಗ ಕುಯ್ಲು ನಡೆದಿತ್ತು. ಕೆಂಪಗೆ ಮಾಗಿದ ಹಣ್ಣು ಚೀಪಿದರೆ ಸಿಹಿ. ಒಳಗಿನ ಹಸಿ ಬೀಜಕ್ಕೆ ಕಾಫಿಯ ಘಮವೇ ಇಲ್ಲ. ನಾವು ಕಾಫಿ ಎನ್ನುವ ಆ ಬಣ್ಣ, ವಾಸನೆ, ಕಹಿಯ ಬಹುಪಾಲು ಹುಟ್ಟುವುದು ಬೆಂಕಿಯ ಮೇಲೆ ಹುರಿದಾಗ. ಅದಕ್ಕೂ ಮುಂಚಿನದು ಅಪ್ಪನ ಪಾಲು. ಬೇಸಿಗೆಯಲ್ಲಿ ಹೂ ಮಳೆಗೆ ಆಕಾಶ ನೋಡಬೇಕು, ಅದು ಬಾರದಿದ್ದರೆ ಸ್ಪ್ರಿಂಕ್ಲರ್ ತಿರುಗಿಸಬೇಕು. ಕುಯ್ಲಿನಲ್ಲಿ ಅದೇ ಮಳೆ ಬಂದರೆ ಕಣದಲ್ಲಿ ಹರಡಿದ ಹಣ್ಣಿಗೆ ಬೂಸ್ಟು. ಒಂದು ಹಿಡಿ ಒಣ ಚೆರ್ರಿ ಕಿವಿ ಹತ್ತಿರ ಅಲುಗಿಸಿ ‘ಗಲಗಲ ಅಂತಿದೆ, ಒಣಗಿದೆ’ ಎನ್ನುತ್ತಾರೆ ಅಪ್ಪ. ಆ ಸದ್ದೇ ನನ್ನ ಸೆಮಿಸ್ಟರ್ ಫೀಸು.

ಆ ಸಂಜೆ ಕಣದ ಪಕ್ಕ ಕೂತು ಹಾಲು, ಸಕ್ಕರೆ ಇಲ್ಲದ ಕಾಫಿ ಕೇಳಿದೆ. ಅಪ್ಪ ನನ್ನನ್ನೇ ನೋಡಿ, ‘ಹೆಂಗಿದೆ?’ ಅಂದರು. ‘ಸ್ವಲ್ಪ ಜಾಸ್ತಿ ಹುರಿದಿದ್ದೀರಿ’ ಅಂದೆ. ಇಷ್ಟು ವರ್ಷದಲ್ಲಿ ಅವರ ಬೆಳೆಯ ಬಗ್ಗೆ ನಾನು ಆಡಿದ ಮೊದಲ ಮಾತು ಅದು. ಅಪ್ಪ ನಕ್ಕರು. ಆಮೇಲೆ ಕತ್ತಲಾಗುವವರೆಗೆ ಮಾತಾಡಿದರು. ಯಾವ ಗಿಡ ಅಜ್ಜ ನೆಟ್ಟದ್ದು, ಯಾವುದು ಕಾಡಾನೆಗೆ ಸಿಕ್ಕಿ ಮುರಿದದ್ದು ಎಲ್ಲ.

ಮೊದಲೆಲ್ಲ ನಮ್ಮ ಫೋನು ‘ಊಟ ಆಯ್ತಾ, ಓದ್ತಿದ್ದೀಯಾ’ದಲ್ಲೇ ಮುಗಿಯುತ್ತಿತ್ತು. ಈಗ ಮೊಗ್ಗು, ಮಳೆ, ರೇಟು ಎಂದು ಹತ್ತು ನಿಮಿಷ ಹೋಗುತ್ತದೆ. ನಿಮ್ಮ ಮನೆಯಲ್ಲೂ ನೀವು ವರ್ಷಗಳಿಂದ ‘ಬೇಡ’ ಎನ್ನುತ್ತಿರುವ ರುಚಿ ಒಂದಿರಬಹುದು. ಒಮ್ಮೆ ಸಕ್ಕರೆ ಕಡಿಮೆ ಮಾಡಿ ನೋಡಿ.