‘ಎಷ್ಟು ಕೊಡುತ್ತೆ?’ ಎಂದು ಕೇಳಿದ ಮೇಲೆ

ಚಿಕ್ಕ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಮೈಲೇಜನ್ನು. ‘ಎಷ್ಟು ಕೊಡುತ್ತೆ?’ ಲೀಟರಿಗೆ ಇಪ್ಪತ್ತರ ಮೇಲೆ ಎಂದು ಕೇಳಿಸಿದರೆ ಮನೆಮಂದಿಗೆಲ್ಲ ಸಮಾಧಾನ. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಕಾಲದಿಂದ 2000ದಲ್ಲಿ ಬಂದ ಆಲ್ಟೊ ಹಾಗೂ ಅದರ ಈಚಿನ ತಲೆಮಾರುಗಳವರೆಗೆ ನಮ್ಮ ಮಧ್ಯಮವರ್ಗ ಕಾರು ಕೊಂಡದ್ದು ಬಹುಪಾಲು ಈ ಉತ್ತರವನ್ನು ನಂಬಿಕೊಂಡೇ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಕಾರು ಮನೆಗೆ ಬಂದ ಮೇಲೆ ಅದರ ಖರ್ಚನ್ನು ನಿರ್ಧರಿಸುವುದು ಅದು ಯಾವ ಊರಲ್ಲಿ ಬಾಳುತ್ತದೆ, ಯಾವ ರಸ್ತೆಯಲ್ಲಿ, ದಿನಕ್ಕೆ ಎಷ್ಟು ದೂರ ಓಡುತ್ತದೆ ಎಂಬುದು. ಒಂದೇ ದಿನ, ಒಂದೇ ಷೋರೂಮಿನಿಂದ ಹೊರಬಿದ್ದ ಎರಡು ಆಲ್ಟೊಗಳು ಬೆಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬಾಳಿದರೆ ಎಂಟು ವರ್ಷದ ಹೊತ್ತಿಗೆ ಅವುಗಳ ಕಾಯಿಲೆಗಳೇ ಬೇರೆ ಬೇರೆ.

ಬೆಂಗಳೂರಿನ ಕಾರನ್ನು ಮೊದಲು ಕಾಡುವುದು ಕ್ಲಚ್. ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆ ಮುಂದಿನ ಗಾಡಿ ನಾಲ್ಕಡಿ ಸರಿದರೆ ನಾವೂ ನಾಲ್ಕಡಿ ಸರಿಯಬೇಕು. ಕಾಲು ಕ್ಲಚ್ ಪೆಡಲ್ ಮೇಲೇ ಇರುತ್ತದೆ. ಹೀಗೆ ಹಾಫ್ ಕ್ಲಚ್ಚಿನಲ್ಲಿ ಓಡಿಸುವಾಗ ಪ್ಲೇಟ್ ಪೂರ್ತಿ ಕಚ್ಚದೆ ಉಜ್ಜುತ್ತಲೇ ಇರುತ್ತದೆ. ಹೆದ್ದಾರಿಯಲ್ಲಿ ಲಕ್ಷ ಕಿಲೋಮೀಟರ್ ಬಾಳಬಲ್ಲ ಕ್ಲಚ್ ನಗರದಲ್ಲಿ ಅದರ ಅರ್ಧಕ್ಕೇ ಕೈಕೊಡುವುದು ಇದರಿಂದಲೇ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ ಎಂದಾದರೆ ಪ್ಲೇಟ್ ಸವೆದಿದೆ ಎಂದೇ ಅರ್ಥ. ಪ್ಲೇಟ್ ಬದಲಿಸಲು ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಬಿಲ್ಲಿನಲ್ಲಿ ಕೂಲಿಯದೇ ದೊಡ್ಡ ಪಾಲು. ಹಾಗಾಗಿ ಅನುಭವಿ ಮೆಕ್ಯಾನಿಕ್ಕುಗಳು ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಸೇರಿದ ಇಡೀ ಸೆಟ್ಟನ್ನೇ ಒಮ್ಮೆಗೆ ಹಾಕಿಸಿ ಎನ್ನುತ್ತಾರೆ. ಅದು ದುಡ್ಡು ಕೀಳುವ ಮಾತಲ್ಲ, ಒಪ್ಪಿಕೊಳ್ಳಿ. ಗುಂಡಿಗಳ ಪೆಟ್ಟು ಬೀಳುವುದು ಸಸ್ಪೆನ್ಷನ್ ಮೇಲೆ. ಹಂಪ್ ದಾಟುವಾಗ ಮುಂಭಾಗದಲ್ಲಿ ಕಟಕಟ ಸದ್ದು ಬಂದರೆ ಲೋಯರ್ ಆರ್ಮ್ ಬುಷ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಇವುಗಳನ್ನು ನೋಡಿಸಬೇಕು. ಬುಷ್ ಎಂಬುದು ಬರಿಯ ರಬ್ಬರ್. ಅದನ್ನು ಹಾಗೇ ಬಿಟ್ಟರೆ ಚಕ್ರದ ಅಲೈನ್‌ಮೆಂಟ್ ತಪ್ಪಿ ಟೈರುಗಳು ಒಂದೇ ಮಗ್ಗುಲಿಗೆ ಸವೆದುಹೋಗುತ್ತವೆ.

ಇವೆಲ್ಲ ಸದ್ದು ಮಾಡಿ ಎಚ್ಚರಿಸುವ ತೊಂದರೆಗಳು. ನನಗೆ ನಿಜವಾಗಿ ಭಯ ಹುಟ್ಟಿಸುವುದು ಸದ್ದಿಲ್ಲದೆ ಬರುವ ಬಿಸಿ. ಚಿಕ್ಕ ಎಂಜಿನ್, ಒಳಗೆ ಐದು ಜನ, ಮೇಲೆ ಎ.ಸಿ., ಎದುರಿಗೆ ಏರು; ತಣ್ಣಗಿಡುವ ವ್ಯವಸ್ಥೆಗೆ ಬಿಡುವೇ ಇಲ್ಲ. ಅಂಥ ಕಾರಿನ ರೇಡಿಯೇಟರಿಗೆ ಕೂಲಂಟ್ ಬದಲು ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ಕೋಲಾರ, ತುಮಕೂರಿನ ಕಡೆಯಿಂದ ಕಲಬುರಗಿಯವರೆಗೂ ಇದೆ. ಗಡಸು ನೀರಿನ ಸುಣ್ಣ ಪಾತ್ರೆಯ ತಳಕ್ಕೆ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ಕೂಲಂಟ್ ನೀರಿಗಿಂತ ಹೆಚ್ಚಿನ ಬಿಸಿಯಲ್ಲಿ ಕುದಿಯುತ್ತದೆ, ಜೊತೆಗೆ ಅಲ್ಯುಮಿನಿಯಂ ಭಾಗಗಳನ್ನು ಸವಕಳಿಯಿಂದ ಕಾಯುತ್ತದೆ. ಇದನ್ನು ತಪ್ಪಿಸಿ ಉಳಿಸಿದ ಕೆಲವು ನೂರು ರೂಪಾಯಿಗೆ ತೆರುವ ಬೆಲೆ ದೊಡ್ಡದು. ಅತಿ ಬಿಸಿಯಾದ ಎಂಜಿನ್ನಿನ ಹೆಡ್ ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಕೂಲಂಟ್ ಮತ್ತು ಎಂಜಿನ್ ಆಯಿಲ್ ಬೆರೆಯುತ್ತವೆ. ಆಯಿಲ್ ಮುಚ್ಚಳ ತೆಗೆದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಅನುಮಾನವೇ ಬೇಡ. ಈಚಿನ ಹಲವು ಚಿಕ್ಕ ಕಾರುಗಳಲ್ಲಿ ಟೆಂಪರೇಚರ್ ತೋರಿಸುವ ಮುಳ್ಳನ್ನೇ ತೆಗೆದುಹಾಕಿ ಒಂದು ದೀಪ ಇಟ್ಟಿದ್ದಾರೆ. ಇದು ತಯಾರಕರು ಮಾಡಿದ ಕೆಟ್ಟ ಉಳಿತಾಯ ಎಂದೇ ನನ್ನ ಅಭಿಪ್ರಾಯ. ಕೆಂಪು ದೀಪ ಹತ್ತಿದರೆ ಮುಂದಿನ ಊರಿನ ಗ್ಯಾರೇಜಿನವರೆಗೆ ಹೋಗೋಣ ಎಂದುಕೊಳ್ಳಬಾರದು. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಅದು ಪೂರ್ತಿ ಆರುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟದೆ ಕಾಯಬೇಕು.

ಟೈಮಿಂಗ್ ಬೆಲ್ಟ್ ಕೂಡ ಹೀಗೆ ಸದ್ದಿಲ್ಲದೆ ಕೈಕೊಡುವ ಜಾತಿಯದು. ಹಳೆಯ 796 ಸಿ.ಸಿ. ಆಲ್ಟೊದಲ್ಲಿರುವುದು ರಬ್ಬರಿನ ಬೆಲ್ಟ್, ಆಲ್ಟೊ ಕೆ10ನಲ್ಲಿರುವುದು ಚೈನು. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಹೇಳಿದ ಹೊತ್ತಿಗೆ ಬೆಲ್ಟ್ ಬದಲಿಸದಿದ್ದರೆ ಒಂದು ದಿನ ಓಡುತ್ತಿರುವಾಗಲೇ ಕಡಿದು ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ.

ಕರಾವಳಿ, ಮಲೆನಾಡಿನ ಕಾರುಗಳ ವೈರಿ ತೇವ. ಮುಂದಿನ ಗಾಜಿನ ಕೆಳಗಿನ ಜಾಲರಿಯಲ್ಲಿ ಎಲೆ, ಹೂವು ತುಂಬಿ ನೀರು ಹೋಗುವ ದಾರಿ ಕಟ್ಟಿಕೊಂಡರೆ ಮಳೆನೀರು ಕಾಲಡಿಯ ಮ್ಯಾಟಿನ ಕೆಳಗೆ ಸೇರುತ್ತದೆ. ಬಾಗಿಲಿನ ತಳದ ತೂತುಗಳು ಮುಚ್ಚಿಕೊಂಡರೂ ಅಷ್ಟೇ. ತುಕ್ಕು ಒಳಗಿನಿಂದ ಹೊರಗೆ ಬರುವುದರಿಂದ ಬಣ್ಣ ಉಬ್ಬಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ತಗಡು ತೂತಾಗಿರುತ್ತದೆ. ಮಳೆಗಾಲ ಶುರುವಾಗುವ ಮೊದಲೇ ಈ ತೂತುಗಳನ್ನೆಲ್ಲ ಒಂದು ಕಡ್ಡಿಯಿಂದ ಬಿಡಿಸಿಕೊಂಡರೆ ಸಾಕು, ಅದಕ್ಕೆ ಗ್ಯಾರೇಜು ಬೇಡ. ಆಗುಂಬೆ, ಚಾರ್ಮಾಡಿ ಇಳಿಯುವವರು ಎರಡನೇ ಗೇರಿನಲ್ಲಿಳಿಯಬೇಕು. ಬ್ರೇಕನ್ನೇ ನೆಚ್ಚಿ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಇದನ್ನು ನೆನಪಿಟ್ಟು ಮಾಡಿಸುವವರು ತೀರಾ ಕಡಿಮೆ. ಇನ್ನು ಹೆಗ್ಗಣ, ಇಲಿಗಳು ಬಾನೆಟ್ಟಿನೊಳಗೆ ಸೇರಿ ವೈರ್ ಕಡಿಯುವುದಂತೂ ಎಲ್ಲ ಊರಿನ ಕಥೆ.

ಇಷ್ಟಾದರೂ ಚಿಕ್ಕ ಕಾರಿನಲ್ಲಿ ರಿಪೇರಿಯೇ ದೊಡ್ಡ ಖರ್ಚಲ್ಲ. ಐದು ಲಕ್ಷದ ಕಾರು ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ ಐದು ಲಕ್ಷದವರೆಗಿನ ಕಾರಿಗೆ ಆಜೀವ ತೆರಿಗೆ ಶೇ 13, ಅಂದರೆ 65 ಸಾವಿರ. ಅದರ ಮೇಲೆ ಸೆಸ್. ವಿಮೆಯ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿದ ಕಾರಿನ ಬೆಲೆ ಅರ್ಧಕ್ಕಿಳಿಯುತ್ತದೆ. ಐದು ವರ್ಷಕ್ಕೆ ಎರಡೂವರೆ ಲಕ್ಷ ಹೋಯಿತೆಂದರೆ ವರ್ಷಕ್ಕೆ 50 ಸಾವಿರ. ಮಾರುಕಟ್ಟೆಯಲ್ಲಿ ಮಾರುತಿಯಂಥ ಗಾಡಿಗಳಿಗೆ ಇದಕ್ಕಿಂತ ಒಳ್ಳೆಯ ಬೆಲೆ ಸಿಗುವುದುಂಟು, ಆದರೂ ಲೆಕ್ಕಕ್ಕೆ ಇದೇ ಇರಲಿ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸಿದರೆ ಕಿಲೋಮೀಟರಿಗೆ ಐದು ರೂಪಾಯಿ ಹೀಗೆ ಸವೆಯುತ್ತದೆ. ನಗರದ ಓಡಾಟದಲ್ಲಿ ಲೀಟರಿಗೆ 15 ಕಿ.ಮೀ. ಸಿಕ್ಕಿ, ಪೆಟ್ರೋಲಿಗೆ 103 ರೂಪಾಯಿ ಇದ್ದರೆ ಇಂಧನಕ್ಕೆ ಹತ್ತಿರಹತ್ತಿರ ಏಳು ರೂಪಾಯಿ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಈಗಿನ ಶೇ 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಹಳೆಯ ಕಾರಿನ ಮೈಲೇಜ್ ತುಸು ಇಳಿದರೆ ಎಂಜಿನ್ನನ್ನು ದೂರಬೇಕಿಲ್ಲ.

ಅದೇ ಕಾರು ವರ್ಷಕ್ಕೆ ಮೂರು ಸಾವಿರ ಕಿ.ಮೀ. ಮಾತ್ರ ಓಡಿದರೆ? ಸವೆತದ ಪಾಲೇ ಕಿಲೋಮೀಟರಿಗೆ ಹದಿನೇಳು ರೂಪಾಯಿ ಹತ್ತಿರ ಬರುತ್ತದೆ. ನಿವೃತ್ತರ ಮನೆಗಳಲ್ಲಿ ಕಾರು ದೇವಸ್ಥಾನಕ್ಕೂ ತರಕಾರಿ ಅಂಗಡಿಗೂ ಹೋಗಿ ಬಂದು ಹೊದಿಕೆಯೊಳಗೆ ಮಲಗುತ್ತದೆ. ಇಷ್ಟು ಹತ್ತಿರದ ಓಡಾಟದಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ. ಸೈಲೆನ್ಸರ್ ಸಾಕಷ್ಟು ಕಾಯದೆ ಒಳಗಿನ ನೀರು ಅಲ್ಲೇ ಉಳಿದು ತುಕ್ಕು ಹಿಡಿಸುತ್ತದೆ. ಟೈರಿನ ರಬ್ಬರ್ ಓಡದಿದ್ದರೂ ಹಳತಾಗುತ್ತದೆ. ಅಂಥವರು ವಾರಕ್ಕೊಮ್ಮೆಯಾದರೂ ಇಪ್ಪತ್ತು ಮೂವತ್ತು ಕಿ.ಮೀ. ಒಂದೇ ಸಮನೆ ಓಡಿಸಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ‘ಸೀನಿಯರ್ ಸಿಟಿಜನ್ ಗಾಡಿ, ಕಮ್ಮಿ ಓಡಿದೆ’ ಎಂಬ ಮಾತಿಗೆ ಮನಸೋಲುವ ಮುನ್ನ ಟೈರಿನ ಬದಿಯ ನಾಲ್ಕು ಅಂಕಿಗಳನ್ನು ನೋಡಿ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನೀವು ಹೋಗುವ ಮೊದಲೇ ಎಂಜಿನ್ ಚಾಲೂ ಮಾಡಿ ಇಡಬೇಡಿ ಎಂದು ಹೇಳಿ, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ಕಾರು ಹದಿನೈದು ವರ್ಷ ದಾಟುತ್ತಿದ್ದರೆ ನೋಂದಣಿ ನವೀಕರಣದ ಶುಲ್ಕವನ್ನೂ ಬೆಲೆಯ ಮಾತಿನಲ್ಲಿ ತನ್ನಿ. ಕಾರಿನ ಮಾಲೀಕತ್ವ ವರ್ಗವಾದ ಹದಿನಾಲ್ಕು ದಿನದೊಳಗೆ ವಿಮೆಯ ವರ್ಗಾವಣೆಗೂ ಅರ್ಜಿ ಹಾಕಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಪಾಲಿಸಿಯಲ್ಲಿ ಆಗ ಕಟ್ಟಬೇಕಾಗುವ ವ್ಯತ್ಯಾಸದ ಮೊತ್ತವನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.