ವೂಫರ್‌ಗೆ ಸ್ವಂತ ದನಿ ಇರಬಾರದು

ಮೃದಂಗದ ಬಲಮುಖದ ನಡುವೆ ಇರುವ ಕಪ್ಪು ಕರಣೆ ಅಂದಕ್ಕೆ ಹಚ್ಚಿದ್ದಲ್ಲ. ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಒಂದಕ್ಕೊಂದು ಹೊಂದದ ಹಲವು ಕಂಪನಗಳು ಒಟ್ಟಿಗೆ ಎದ್ದು, ಶ್ರುತಿ ಸಿಗುವುದೇ ಇಲ್ಲ. ಕರಣೆಯ ಭಾರ ಬಿದ್ದಾಗ ಆ ಕಂಪನಗಳು ಎರಡು ಪಟ್ಟು, ಮೂರು ಪಟ್ಟು ಎಂಬ ಲೆಕ್ಕಕ್ಕೆ ಬಂದು ಸಾಲುಗೂಡುತ್ತವೆ. ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಜೊತೆಗೂಡಿ 1920ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದದ್ದು ಈ ಸಂಗತಿಯನ್ನೇ. ಚರ್ಮಕ್ಕೆ ಅದರದೇ ಆದ ದನಿ ಕೊಡುವುದು ಮೃದಂಗ ಕಟ್ಟುವವರ ಕಸುಬು. ಸ್ಟುಡಿಯೊ ಮಾನಿಟರ್‌ನ ಮಂದ್ರದ ಸ್ಪೀಕರ್, ಅಂದರೆ ವೂಫರ್, ಕಟ್ಟುವವರ ಕಸುಬು ಇದಕ್ಕೆ ತದ್ವಿರುದ್ಧ: ಅದರ ಕೋನ್‌ಗೆ ಸ್ವಂತ ದನಿಯೇ ಇರಬಾರದು. ಮೃದಂಗ ಬಂದರೆ ಮೃದಂಗ, ತಂಬೂರಿ ಬಂದರೆ ತಂಬೂರಿ. ವೂಫರ್ ತನ್ನದೇನನ್ನೂ ಸೇರಿಸಕೂಡದು.

ಹಾಸನ ಜಿಲ್ಲೆಯಲ್ಲಿ ಈ ಮಾತಿಗೆ ಹೆಚ್ಚು ಅರ್ಥವಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಸಂಗೀತಗಾರರ ಊರು. ಅಲ್ಲಿ 1920ರಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲಿ ದಶಕಗಳ ಕಾಲ ದುಡಿದವರು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಶುರುಮಾಡಿದ ಬಾನುಲಿಯ ಹೆಸರೇ ಮುಂದೆ ದೇಶದ ರೇಡಿಯೊಗೆ ನಿಂತಿತಲ್ಲ, ಆ ಆಕಾಶವಾಣಿ. ಇಂಥವರ ಗಾಯನ ಮೈಕಿನಿಂದ ಹೊರಟು ಮುದ್ರಿಕೆ ಸೇರುವ ನಡುವೆ ಗಾಜಿನಾಚೆ ಕೂತ ಎಂಜಿನಿಯರ್ ಅದನ್ನು ಮಾನಿಟರ್ ಸ್ಪೀಕರಿನಲ್ಲಿ ಕೇಳಿ, ತಂಬೂರಿ ಎಷ್ಟು, ಪಿಟೀಲು ಎಷ್ಟು ಎಂದು ಹದ ಮಾಡುತ್ತಾರೆ. ಸ್ಪೀಕರ್ ಮಂದ್ರವನ್ನು ಉಬ್ಬಿಸಿ ಹೇಳಿದರೆ ಅವರು ಮಂದ್ರವನ್ನು ತಗ್ಗಿಸುತ್ತಾರೆ. ಆಗ ಸ್ಪೀಕರಿನ ದೋಷ ಧ್ವನಿಮುದ್ರಿಕೆಯ ದೋಷವಾಗಿ ಶಾಶ್ವತವಾಗಿ ಉಳಿಯುತ್ತದೆ. ಮನೆಯ ಸ್ಪೀಕರ್ ಕೆಟ್ಟರೆ ಒಂದು ಮನೆಯ ಸಂಜೆ ಕೆಡುತ್ತದೆ, ಮಾನಿಟರ್ ಕೆಟ್ಟರೆ ಕಛೇರಿಯೇ ಕೆಟ್ಟು ದಾಖಲಾಗುತ್ತದೆ.

ವೂಫರಿನ ಅಂಗಾಂಗ ಬಹಳ ಸರಳ. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಅಮೆರಿಕದಲ್ಲಿ ವಿವರಿಸಿದ ರಚನೆಯೇ ಇಂದಿಗೂ ನಡೆದಿದೆ. ಮ್ಯಾಗ್ನೆಟ್ಟಿನ ಕಿರಿದಾದ ಸಂದಿನಲ್ಲಿ ತಾಮ್ರದ ಕಾಯಿಲ್ ತೂಗಾಡುತ್ತಿರುತ್ತದೆ. ಅದರಲ್ಲಿ ಕರೆಂಟು ಹರಿದಾಗ ಕಾಯಿಲ್ ಹಿಂದಕ್ಕೂ ಮುಂದಕ್ಕೂ ಓಡುತ್ತದೆ, ಅಂಟಿಕೊಂಡ ಕೋನ್ ಗಾಳಿಯನ್ನು ನೂಕುತ್ತದೆ. ಕಾಯಿಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವವು ಎರಡು: ಹಿಂದೆ ಅಲೆಅಲೆಯಾದ ಬಟ್ಟೆಯ ಸ್ಪೈಡರ್, ಮುಂದೆ ಕೋನಿನ ಅಂಚನ್ನು ಫ್ರೇಮಿಗೆ ಸೇರಿಸುವ ರಿಂಗ್. ಹಳೆಯ ವೂಫರ್‌ಗಳ ಪೈಕಿ ಹೆಚ್ಚಿನವು ಸಾಯುವುದು ಈ ರಿಂಗಿನಿಂದ.

ಎಪ್ಪತ್ತು, ಎಂಬತ್ತರ ದಶಕಗಳ ಅನೇಕ ವೂಫರ್‌ಗಳ ರಿಂಗು ಪಾಲಿಯುರಿಥೇನ್ ಫೋಮಿನದು. ಹಗುರ, ಮೆದು, ಕೇಳಲು ಚೆನ್ನ. ಆದರೆ ಆಯುಸ್ಸು ಹತ್ತಿಪ್ಪತ್ತು ವರ್ಷ. ಪಾಲಿಯೆಸ್ಟರ್ ಬಗೆಯ ಫೋಮಿನ ಅಣುಸರಪಳಿಯನ್ನು ಗಾಳಿಯ ತೇವ ಕತ್ತರಿಸುತ್ತದೆ; ಪಾಲಿಈಥರ್ ಬಗೆಯದನ್ನು ಬೆಳಕು ಮತ್ತು ಆಮ್ಲಜನಕ ತಿನ್ನುತ್ತವೆ. ಅರಕಲಗೂಡಿನ ಪಡುವಣ ಭಾಗದ ಮಳೆಗಾಲವಿರಲಿ, ಚನ್ನರಾಯಪಟ್ಟಣದ ಬಯಲಿನ ಬಿಸಿಲಿರಲಿ, ಎರಡೂ ಅದಕ್ಕೆ ಶತ್ರುವೇ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೂ, ವರ್ಷಗಟ್ಟಲೆ ಹಾಡಿಸದೆ ಬಿಟ್ಟರೂ ಅದು ಉಳಿಯುವುದಿಲ್ಲ. ಮುಟ್ಟಿದರೆ ಬೆರಳಿಗೆ ಜಿಗುಟು ಮೆತ್ತಿ ರಿಂಗು ಉದುರುತ್ತದೆ. ಬಟ್ಟೆಯ ರಿಂಗು, ಒಳ್ಳೆಯ ರಬ್ಬರಿನ ರಿಂಗು ಇದಕ್ಕಿಂತ ಬಹಳ ಕಾಲ ಬಾಳುತ್ತವೆ.

ದುರಸ್ತಿಯಲ್ಲಿ ದಾರಿ ತಪ್ಪುವುದು ಇಲ್ಲೇ. ಜಾತ್ರೆ, ಮದುವೆ, ಗಣೇಶೋತ್ಸವಗಳ ಸೌಂಡ್ ಸೆಟ್ಟುಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಅವುಗಳಿಗೆ ಕೋನ್ ಹಾಕಿ ಕಾಯಿಲ್ ಕಟ್ಟಿಕೊಡುವ ಕೈಗಳೂ ಇವೆ. ಆ ಕೆಲಸದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆದರೆ ಬಯಲಲ್ಲಿ ಕೂಗಬೇಕಾದ ವೂಫರಿಗೆ ಗಡಸು ಅಂಚು ಬೇಕು, ಮಾನಿಟರಿಗೆ ಮೆದು ಅಂಚು ಬೇಕು. ಅದಕ್ಕೆ ಹಾಕುವುದನ್ನೇ ಇದಕ್ಕೆ ಹಾಕಿದರೆ ಸದ್ದೇನೋ ಬರುತ್ತದೆ, ಜೋರಾಗಿಯೇ ಬರುತ್ತದೆ. ಆದರೆ ಅದು ಹಳೆಯ ವೂಫರ್ ಆಗಿರುವುದಿಲ್ಲ.

ಕಾರಣ ಭೌತಶಾಸ್ತ್ರದ್ದು. ಸ್ಪ್ರಿಂಗಿಗೆ ಕಟ್ಟಿದ ಯಾವುದೇ ತೂಕಕ್ಕೂ ತಾನೇ ತಾನಾಗಿ ತೂಗುವ ಒಂದು ಆವರ್ತನ ಇರುತ್ತದೆ. ವೂಫರಿನಲ್ಲಿ ಕೋನ್ ಮತ್ತು ಕಾಯಿಲ್ ತೂಕ. ರಿಂಗು ಮತ್ತು ಸ್ಪೈಡರ್ ಸ್ಪ್ರಿಂಗು. ಸ್ಪ್ರಿಂಗು ನಾಲ್ಕು ಪಟ್ಟು ಗಡುಸಾದರೆ ಆ ಆವರ್ತನ ಎರಡು ಪಟ್ಟಾಗುತ್ತದೆ. ಮೊದಲು 30 ಹರ್ಟ್ಸ್‌ನಲ್ಲಿ ತೂಗುತ್ತಿದ್ದ ಕೋನ್ ಈಗ 60ರ ಆಸುಪಾಸಿನಲ್ಲಿ ತೂಗತೊಡಗುತ್ತದೆ; ಡಬ್ಬದೊಳಗೆ ಕೂರಿಸಿದಾಗ ಇನ್ನೂ ಮೇಲೇರುತ್ತದೆ. ಗಂಡಸರ ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಇರುವುದು 65–70 ಹರ್ಟ್ಸ್‌ನಲ್ಲಿ. ಆ ಒಂದು ತಂತಿ ಮೀಟಿದಾಗಲೆಲ್ಲ ಸ್ಪೀಕರ್ ‘ಗುಂ’ ಎನ್ನುತ್ತದೆ, ಉಳಿದ ಮೂರಕ್ಕೆ ಸುಮ್ಮನಿರುತ್ತದೆ. ವೂಫರಿಗೆ ಸ್ವಂತ ದನಿ ಬಂತೆಂದರೆ ಇದೇ.

ಈ ದನಿಯನ್ನು ಅಡಗಿಸಲು ಪಟ್ಟ ಪಾಡಿನ ಕಥೆ ದೊಡ್ಡದು. ಲಂಡನ್ನಿನ ಬಿಬಿಸಿ ಎಂಜಿನಿಯರುಗಳು ಸ್ಟುಡಿಯೊದಲ್ಲಿ ವಾದ್ಯವನ್ನು ನೇರ ಕೇಳಿ, ಪಕ್ಕದ ಕೋಣೆಗೆ ಹೋಗಿ ಸ್ಪೀಕರಿನಲ್ಲಿ ಕೇಳಿ ಹೋಲಿಸುತ್ತಿದ್ದರು. ಒಂದರಂತೆ ಇನ್ನೊಂದು ಬಾರದ ಕಾಗದದ ಕೋನನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಹೋದರು. ಹೊರಾಂಗಣ ಪ್ರಸಾರದ ವ್ಯಾನಿಗೆಂದು ಎಪ್ಪತ್ತರ ದಶಕದಲ್ಲಿ ಅವರು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಮಾನಿಟರಿನ ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿನ ಕೋನಿನ ಮೇಲೆ ಕಂಪನ ಹೀರುವ ಲೇಪವೂ ಇದೆ. ಅಮೆರಿಕದ ಜೆಬಿಎಲ್ 4311ರ ಬಿಳಿ ಕೋನ್ ಬಿಳಿಯಾಗಿರುವುದೂ ಇಂಥ ಲೇಪದಿಂದಲೇ. ಯಮಾಹಾ 1978ರಲ್ಲಿ ತಂದ ಎನ್‌ಎಸ್-10ರ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಅದರ ಬಿಳಿ ಕೋನಿಗೆ ಬೇಕಾದ ಮರದ ತಿರುಳು ಸಿಗದಾದಾಗ, 2001ರಲ್ಲಿ, ಕಂಪನಿ ಆ ಸ್ಪೀಕರನ್ನೇ ನಿಲ್ಲಿಸಿತು. ಬೇರೆ ತಿರುಳು ಹಾಕಿ ಅದೇ ಹೆಸರಿನಲ್ಲಿ ಮಾರಲಿಲ್ಲ. ಇಂಥ ಕೋನಿನ ಮೇಲೆ ‘ಗಟ್ಟಿಯಾಗಲಿ’ ಎಂದು ಒಂದು ಕೋಟು ಫೆವಿಕಾಲ್ ಬಳಿಯುವ ಮುನ್ನ ಯಾರೇ ಆಗಲಿ ಇದನ್ನು ನೆನೆಯಬೇಕು.

ಇಂಥ ಒಂದು ಹಳೆಯ ಮಾನಿಟರ್ ಜೋಡಿ ಹಾಸನದ ಮನೆಗೋ ಹೊಳೆನರಸೀಪುರದ ಸಣ್ಣ ರೆಕಾರ್ಡಿಂಗ್ ಕೋಣೆಗೋ ಬಂತೆನ್ನಿ. ಬಿಚ್ಚುವ ಮೊದಲು ಬೆರಳು, ಕಿವಿ, ಮಲ್ಟಿಮೀಟರ್ ಮೂರೂ ಸಾಕು. ಕೋನನ್ನು ಎರಡೂ ಕಡೆಯ ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ಕರ್ ಎಂದು ಉಜ್ಜಿದರೆ ಕಾಯಿಲ್ ಸಂದಿಗೆ ತಾಗುತ್ತಿದೆ: ಸುಟ್ಟು ಉಬ್ಬಿರಬಹುದು, ಸ್ಪೈಡರ್ ಜೋತಿರಬಹುದು, ಎಂದೋ ಬಿದ್ದಾಗ ಮ್ಯಾಗ್ನೆಟ್ಟೇ ಸರಿದಿರಬಹುದು. ಸ್ಪೈಡರ್ ಜೋತಿದ್ದರೆ ವೂಫರನ್ನು ತಲೆಕೆಳಗಾಗಿ ತಿರುಗಿಸಿ ಕೂರಿಸಿದರೇ ಎಷ್ಟೋ ಸಲ ಸರಿಹೋಗುತ್ತದೆ. 8 ಓಮ್ ಎಂದು ಬರೆದ ವೂಫರ್ ಮೀಟರಿನಲ್ಲಿ 6ರ ಸುತ್ತಮುತ್ತ ತೋರಿಸಬೇಕು, ಅದು ತಪ್ಪಲ್ಲ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿತೆಂದು ತೀರ್ಮಾನಿಸುವ ಮೊದಲು ಕೋನಿಗೆ ಹೋಗುವ ಹೆಣೆದ ತಂತಿಯನ್ನು ಅಲುಗಾಡಿಸಿ ನೋಡಿ. ಲಕ್ಷಾಂತರ ಸಲ ಬಾಗಿ ಅದು ಬುಡದಲ್ಲಿ ಒಳಗೊಳಗೇ ತುಂಡಾಗಿರುತ್ತದೆ.

ಕಾಯಿಲ್ ನಿಜಕ್ಕೂ ಸುಟ್ಟಿದ್ದರೆ ಆಶ್ಚರ್ಯವಿಲ್ಲ. ವೂಫರಿಗೆ ಕೊಟ್ಟ ಶಕ್ತಿಯಲ್ಲಿ ಸದ್ದಾಗುವುದು ನೂರಕ್ಕೆ ಒಂದೋ ಎರಡೋ ಪಾಲು, ಉಳಿದದ್ದೆಲ್ಲ ಕಾಯಿಲಿನಲ್ಲಿ ಶಾಖ. ಆಂಪ್ಲಿಫೈಯರಿನಿಂದ ಡಿಸಿ ಸೋರುತ್ತಿದ್ದರಂತೂ ಕೋನ್ ಒಂದೇ ಕಡೆ ತಳ್ಳಿಸಿಕೊಂಡು ನಿಂತು ಕಾಯಿಲ್ ಬೇಯುತ್ತದೆ. ಆದ್ದರಿಂದ ಹೊಸ ಕಾಯಿಲ್ ಹಾಕುವ ಮೊದಲು ಆಂಪ್ಲಿಫೈಯರಿನ ಹೊರತಂತಿಗಳಲ್ಲಿ ಡಿಸಿ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ದಾಟಿದರೆ ಮೊದಲು ಅದರ ರಿಪೇರಿ.

ರಿಂಗು ಬದಲಿಸುವಾಗ ತಾಳ್ಮೆ ಬೇಕು. ಹಳೆಯ ಅಂಟನ್ನು ಕೋನಿನ ಕಾಗದ ಸಿಗಿಯದಂತೆ ತೆಗೆಯಬೇಕು. ಕೋನಿನ ನಡುವಿನ, ಧೂಳು ತಡೆಯುವ ಟೋಪಿಯನ್ನು ಕತ್ತರಿಸಿ, ಕಾಯಿಲ್ ಮತ್ತು ಅದರೊಳಗಿನ ಮ್ಯಾಗ್ನೆಟ್ಟಿನ ಕಂಬದ ನಡುವೆ ಸುತ್ತಲೂ ತೆಳು ಫಿಲ್ಮಿನ ಪಟ್ಟಿ ಸಿಕ್ಕಿಸಿದರೆ ಕಾಯಿಲ್ ನಟ್ಟನಡುವೆ ನಿಲ್ಲುತ್ತದೆ. ಅಂಟು ಪೂರಾ ಒಣಗಿದ ಮೇಲೆ ಪಟ್ಟಿ ಎಳೆಯಬೇಕು. ಟೋಪಿ ತೆರೆದಿರುವಾಗ ಹತ್ತಿರದಲ್ಲಿ ಕಬ್ಬಿಣದ ಅರ ಹಾಕುವ ಕೆಲಸ ನಡೆಯಕೂಡದು. ಸಂದಿಗೆ ಹೊಕ್ಕ ಕಬ್ಬಿಣದ ಪುಡಿಯನ್ನು ಹೊರತೆಗೆಯುವುದು ಹೊಸ ರಿಂಗು ಹಾಕುವುದಕ್ಕಿಂತ ಕಷ್ಟ. ಹಳೆಯ ಆಲ್ನಿಕೊ ಮ್ಯಾಗ್ನೆಟ್ಟನ್ನು ಅದರ ಜಾಗದಿಂದ ಬಿಚ್ಚಲೇಬಾರದು. ಬಿಚ್ಚಿದರೆ ಕಾಂತಶಕ್ತಿಯ ಒಂದು ಪಾಲು ಹೋಗುತ್ತದೆ, ಮತ್ತೆ ಕೂರಿಸಿದರೂ ಮರಳುವುದಿಲ್ಲ.

ರಿಪೇರಿ ಸರಿಯಾಯಿತೇ? ಕಿವಿಯೊಂದನ್ನೇ ನಂಬಬೇಕಿಲ್ಲ. ಮೊಬೈಲಿನಿಂದ 20ರಿಂದ 100 ಹರ್ಟ್ಸ್‌ವರೆಗೆ ಮೆಲ್ಲಗೆ ಏರುವ ಸ್ವರವನ್ನು ಆಂಪ್ಲಿಫೈಯರಿಗೆ ಕೊಟ್ಟು, ಅಲ್ಲಿಂದ ಬಿಡಿ ವೂಫರಿಗೆ ಹೋಗುವ ಒಂದು ತಂತಿಯಲ್ಲಿ ಸಾವಿರ ಓಮಿನ ರೆಸಿಸ್ಟರ್ ಸೇರಿಸಿ, ವೂಫರಿನ ಎರಡು ತುದಿಗೆ ಮಲ್ಟಿಮೀಟರನ್ನು ಎಸಿಯಲ್ಲಿಟ್ಟು ಹಿಡಿಯಿರಿ. ವೋಲ್ಟೇಜು ಎಲ್ಲಿ ಶಿಖರಕ್ಕೇರುತ್ತದೋ ಅದೇ ವೂಫರಿನ ಸಹಜ ಆವರ್ತನ. ಜೋಡಿಯ ಎರಡರಲ್ಲೂ ಅದು ಒಂದೆರಡು ಹರ್ಟ್ಸ್ ಅಂತರದಲ್ಲಿದ್ದರೆ ಒಳ್ಳೆಯದು. 30 ಮತ್ತು 48 ಬಂದರೆ ಬೇರೆ ರಿಂಗು ಹುಡುಕಬೇಕು. ಒಂದರ ರಿಂಗು ಹೋದಾಗ ಎರಡಕ್ಕೂ ಹೊಸದು ಹಾಕಬೇಕೆನ್ನುವುದು ಇದೇ ಕಾರಣಕ್ಕೆ.

ಒಂದೂವರೆ ವೋಲ್ಟಿನ ಸೆಲ್ ಮುಟ್ಟಿಸಿ ಕೋನ್ ಯಾವ ಕಡೆ ಹೋಗುತ್ತದೆ ನೋಡುವ ವಾಡಿಕೆ ಎಲ್ಲ ಅಂಗಡಿಗಳಲ್ಲೂ ಇದೆ. ಕೆಂಪು ತುದಿಗೆ ಪ್ಲಸ್ ಕೊಟ್ಟಾಗ ಕೋನ್ ಮುಂದೆ ಬರಬೇಕು. ಹಳೆಯ ಜೆಬಿಎಲ್‌ಗಳಲ್ಲಿ ಮಾತ್ರ ಅದು ಹಿಂದಕ್ಕೆ ಹೋಗುತ್ತದೆ. ಕಂಪನಿಯ ಆಗಿನ ರೂಢಿಯೇ ಹಾಗೆ. ತಿಳಿಯದೆ ತಂತಿ ಅದಲುಬದಲು ಮಾಡಿದರೆ ವೂಫರ್ ತನ್ನ ಡಬ್ಬದಲ್ಲೇ ಇರುವ ಮೇಲಿನ ಸ್ವರಗಳ ಸ್ಪೀಕರಿಗೆ ಎದುರಾಗಿ ನಿಲ್ಲುತ್ತದೆ, ಇಬ್ಬರೂ ಸೇರಿ ನುಡಿಸಬೇಕಾದ ಜಾಗದಲ್ಲಿ ಸ್ವರಗಳು ಸೊರಗುತ್ತವೆ.

ರಿಪೇರಿ ಮಾಡುವವರಲ್ಲಿ ನನ್ನದೊಂದು ಕೋರಿಕೆ ಇದೆ. ವೂಫರನ್ನು ಡಬ್ಬಕ್ಕೆ ಬಿಗಿಯುವ ಮೊದಲು ಮ್ಯಾಗ್ನೆಟ್ಟಿನ ಹಿಂದೆ ಒಂದು ಚೀಟಿ ಅಂಟಿಸಿ: ದಿನಾಂಕ, ಓಮ್, ಸಹಜ ಆವರ್ತನ, ರಿಂಗು ಎಂಥದ್ದು, ಅಂಟು ಯಾವುದು. ಫೋಮಿನ ರಿಂಗಾದರೆ ಹತ್ತಿಪ್ಪತ್ತು ವರ್ಷದೊಳಗೆ ಆ ಡಬ್ಬವನ್ನು ಇನ್ನೊಬ್ಬರು ಬಿಚ್ಚುವುದು ಖಚಿತ, ಅವರು ಮೊದಲು ಹುಡುಕುವುದು ಆ ಆವರ್ತನವನ್ನೇ.