ದುಡ್ಡು ಕೊಟ್ಟು ತಂದ ಕಸ

ಮುಂಬಯಿ ಪಕ್ಕದ ಥಾಣೆಯ ವರ್ತಕ ನಗರದಲ್ಲಾಗಲಿ, ಡೊಂಬಿವಲಿ, ಕಲ್ಯಾಣಗಳ ಸ್ಟೇಷನ್ ಬದಿಯಲ್ಲಾಗಲಿ, ಶಾಲೆಗೆ ಹತ್ತಿರದ ಸ್ಟೇಷನರಿ ಅಂಗಡಿಯಲ್ಲಿ ಐಸ್‌ಕ್ರೀಮ್ ಕಡ್ಡಿಯ ಹೊಸ ಕಟ್ಟು ಕೇಳಿದರೆ ಸಿಗುತ್ತದೆ. ಆ ಕಡ್ಡಿಗಳು ಐಸ್‌ಕ್ರೀಮಿನ ಮುಖ ಕಂಡವಲ್ಲ, ಕಾಣುವವೂ ಅಲ್ಲ. ಪಕ್ಕದಲ್ಲೇ ಚಹಾ ಸೋಂಕದ ಕಾಗದದ ಕಪ್ಪುಗಳು, ಯಾವ ಅಂಗಿಯಿಂದಲೂ ಉದುರದ ಗುಂಡಿಗಳು, ಹೊಸ ಉಲ್ಲನ್ನಿನ ತುಂಡುಗಳು. ಇವೆಲ್ಲ ಶಾಲೆಯ ‘ಕಸದಿಂದ ರಸ’ ಸ್ಪರ್ಧೆಗೆ ಬೇಕಾದ ಕಸ. ಸ್ಪರ್ಧೆ ನಾಳೆಯೇ ಎಂಬ ಸುದ್ದಿ ಮಗುವಿನ ಬಾಯಿಂದ ಹೊರಬೀಳುವುದು ರಾತ್ರಿ ಊಟದ ಹೊತ್ತಿಗೆ. ಅಪ್ಪ ಅಂಗಡಿಗೆ ಓಡುತ್ತಾನೆ, ಅಮ್ಮ ಫೆವಿಕಾಲ್ ಬಿಚ್ಚುತ್ತಾಳೆ, ಮಗು ನಿದ್ದೆ ಹೋಗುತ್ತದೆ. ಬೆಳಗ್ಗೆ ಹೂದಾನಿ ಸಿದ್ಧ, ಮಧ್ಯಾಹ್ನ ಮಗುವಿಗೆ ಎರಡನೇ ಬಹುಮಾನ. ಮೊದಲನೆಯದು ಹೋದದ್ದು ಇನ್ನೂ ಹೆಚ್ಚು ಹೊತ್ತು ಎದ್ದಿದ್ದ ಅಮ್ಮನಿಗೆ. ಇಡೀ ವ್ಯವಹಾರದಲ್ಲಿ ಉಳಿತಾಯವೂ ಇಲ್ಲ, ಮಗುವೂ ಇಲ್ಲ. ಇವೆರಡೂ ಒಟ್ಟಿಗೇ ಕಾಣೆಯಾದದ್ದು ಆಕಸ್ಮಿಕವಲ್ಲ. ಮನೆಗೆಲಸದಲ್ಲಿ ಮಗುವಿಗೊಂದು ಪಾಲು ಇರುವಷ್ಟು ದಿನ ಹಳೆಯ ವಸ್ತು ತಾನಾಗಿ ಆಟಿಕೆಯಾಗುತ್ತದೆ. ಆ ಪಾಲನ್ನು ಕಿತ್ತುಕೊಂಡು ಅದರ ಜಾಗದಲ್ಲಿ ‘ಪ್ರಾಜೆಕ್ಟ್’ ಇಟ್ಟ ದಿನ, ಕಸಕ್ಕೂ ಬಿಲ್ಲು ಬೀಳುತ್ತದೆ.

ಇದರಲ್ಲಿ ಶಾಲೆಯೊಂದನ್ನೇ ದೂರುವಂತಿಲ್ಲ. ಮಹಾರಾಷ್ಟ್ರ ಸರಕಾರ 2018ರ ಮಾರ್ಚ್‌ನಲ್ಲಿ ಹೊರಡಿಸಿ ಜೂನ್ 23ರಿಂದ ಜಾರಿಗೆ ತಂದ ಪ್ಲಾಸ್ಟಿಕ್ ನಿಷೇಧದಲ್ಲಿ ಥರ್ಮೋಕೋಲ್ ಅಲಂಕಾರವೂ ಸೇರಿತ್ತು. ಗಣಪತಿಯನ್ನು ಕೂರಿಸುವ ಮಂಟಪವಾದ ಮಖರಕ್ಕೆ ಇನ್ನು ಹಳೆ ಸೀರೆ, ರಟ್ಟು, ಬಿದಿರಿನ ಸೀಳುಗಳೇ ಗತಿ, ಮನೆಮಂದಿಯೆಲ್ಲ ನೆಲದ ಮೇಲೆ ಕೂತು ಕತ್ತರಿಸಿ ಅಂಟಿಸಲೇಬೇಕು ಎಂದುಕೊಳ್ಳುವಷ್ಟರಲ್ಲಿ, ಮಡಚಿಡುವ ರಟ್ಟಿನ ಸಿದ್ಧ ಮಖರಗಳು ಪೇಟೆಯಲ್ಲಿದ್ದವು. ಪರಿಸರಕ್ಕೆ ಒಳ್ಳೆಯದಾಯಿತು, ಸರಿ. ಆದರೆ ಮನೆಯ ಕೈಗಳಿಗೆ ಸಿಗಬಹುದಾಗಿದ್ದ ಕೆಲಸ ಮತ್ತೆ ತಪ್ಪಿತು.

ಹಾಗೆಂದು ಈ ಊರುಗಳ ಕನ್ನಡ ಮನೆಗಳಿಗೆ ಮಿತವ್ಯಯದ ಪಾಠ ಹೇಳಲು ಹೊರಡುವವರಿಗೆ ಗುಂಡಿಗೆ ಗಟ್ಟಿಯಿರಬೇಕು. ತುಳುನಾಡಿನಿಂದ ಹೋಟೆಲು ಕೆಲಸಕ್ಕೆ, ಬಡಗಣ ಕರ್ನಾಟಕದಿಂದ ಕಾರ್ಖಾನೆ, ಕಟ್ಟಡಗಳ ಕೆಲಸಕ್ಕೆ ಬಂದು ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಸಂಸಾರ ಹೂಡಿದವರ ಮನೆಗಳಿವು. ಹೀರೆಕಾಯಿಯ ಸಿಪ್ಪೆ ಚಟ್ನಿಗೆ, ಕಲ್ಲಂಗಡಿಯ ಬಿಳಿಭಾಗ ದೋಸೆಗೆ, ನಿನ್ನೆಯ ಚಪಾತಿ ನೆರೆಮನೆಯ ಮರಾಠಿ ಮಾವಶಿ ಕಲಿಸಿದ ಒಗ್ಗರಣೆ ಚಪಾತಿ, ಫೋಡಣಿಚಿ ಪೋಳಿಗೆ. ಹಾಲಿನ ಥೈಲಿ ತೊಳೆದು ಗೋಡೆಯ ಟೈಲ್ಸಿಗೆ ಅಂಟಿಸಿ ಒಣಗಿಸಿ ರದ್ದಿಯವನಿಗೆ. ಹಳೆ ಸೀರೆಯ ವಿಚಾರದಲ್ಲಂತೂ ಮನೆಯೊಳಗೇ ಎರಡು ಪಕ್ಷ. ಅತ್ತೆಗೆ ಅದು ಕೌದಿಗೆ ಬೇಕು. ಸೊಸೆ ಅದಕ್ಕೆ ಎರಡು ಪ್ಯಾಂಟು ಸೇರಿಸಿ, ಹಳೆ ಬಟ್ಟೆಗೆ ಪಾತ್ರೆ ಕೊಡುವ, ಬಾಗಿಲಿಗೆ ಬಂದ ಭಾಂಡಿವಾಲಿಯಿಂದ ಸ್ಟೀಲ್ ಡಬ್ಬ ಇಳಿಸಿಕೊಳ್ಳುವ ಲೆಕ್ಕದಲ್ಲಿದ್ದಾಳೆ. ಭಾಂಡಿವಾಲಿ ಪ್ಯಾಂಟನ್ನು ಬೆಳಕಿಗೆ ಹಿಡಿದು ಮೊಣಕಾಲಿನ ಜಾಗ ನೋಡಿ, ಇನ್ನೊಂದು ಸೀರೆ ಕೊಡದಿದ್ದರೆ ಡಬ್ಬದ ಮುಚ್ಚಳವಿಲ್ಲ ಅನ್ನುತ್ತಾಳೆ. ಚೌಕಾಶಿ, ತೂಕ, ವಿನಿಮಯದ ಗಣಿತ ಎಲ್ಲ ಹೊಸ್ತಿಲ ಮೇಲೆಯೇ ನಡೆಯುವ ಈ ಕಲಾಪಕ್ಕೆ ಮೂರು ವರ್ಷದ ಮಗು ಖಾಯಂ ಪ್ರೇಕ್ಷಕ. ಇದನ್ನು ಯಾರೂ ‘ಆಕ್ಟಿವಿಟಿ’ ಎನ್ನಲಿಲ್ಲ. ಬಟಾಣಿ ಸುಲಿಯುವಾಗ ಸಿಪ್ಪೆಯ ರಾಶಿಯಲ್ಲಿ ಕಾಳು, ಕಾಳಿನ ರಾಶಿಯಲ್ಲಿ ಸಿಪ್ಪೆ ಹಾಕುತ್ತಿದ್ದ ಮಗುವಿಗೆ ಬೈಗುಳ ಸಿಕ್ಕೀತು, ಜಾಗವಂತೂ ಸಿಗುತ್ತಿತ್ತು.

ಮಗುವಿಗೆ ನಿಜವಾಗಿ ಬೇಕಾದದ್ದು ಆ ಜಾಗವೇ ಎಂಬುದಕ್ಕೆ ಪ್ರಯೋಗದ ಆಧಾರವಿದೆ. ಮನಶ್ಶಾಸ್ತ್ರಜ್ಞರಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಟ್ಟೆ ಒಣಹಾಕುತ್ತಿರುವ ದೊಡ್ಡವರೊಬ್ಬರು ಕ್ಲಿಪ್ಪು ಕೆಳಗೆ ಬೀಳಿಸಿ, ಅದು ಕೈಗೆಟುಕದೆ ಒದ್ದಾಡುತ್ತಾರೆ. ಹದಿನೆಂಟು ತಿಂಗಳ ಕೂಸುಗಳು ಯಾರೂ ಹೇಳದೆ, ಏನೂ ಕೊಡದೆ, ತೆವಳಿಯೋ ನಡೆದೋ ಹೋಗಿ ಎತ್ತಿಕೊಟ್ಟವು. ಬೇಕೆಂದೇ ಎಸೆದಾಗ ಅಷ್ಟಾಗಿ ಕೊಡಲಿಲ್ಲ. ಅಂದರೆ ನಾಟಕ ಯಾವುದು, ಕಷ್ಟ ಯಾವುದು ಎಂಬ ವಿವೇಕವೂ ಅವಕ್ಕಿತ್ತು. ಎರಡು ವರ್ಷದ ನಂತರ ಅವರೇ ನಡೆಸಿದ ಇನ್ನೊಂದು ಪ್ರಯೋಗದ ಫಲಿತಾಂಶ ನಮ್ಮ ಸ್ಪರ್ಧೆಗಳಿಗೆ ನೇರವಾಗಿ ತಾಗುತ್ತದೆ. ನೆರವಿಗೆ ಪ್ರತಿಯಾಗಿ ವಸ್ತುವಿನ ಬಹುಮಾನ ಪಡೆದ ಇಪ್ಪತ್ತು ತಿಂಗಳ ಮಕ್ಕಳು ಮುಂದೆ ಬಹುಮಾನವಿಲ್ಲದಾಗ, ಮೊದಲಿನಿಂದಲೂ ಏನೂ ಪಡೆಯದ ಮಕ್ಕಳಿಗಿಂತ ಕಡಿಮೆ ನೆರವಾದವು. ಮಾಡುವ ಖುಷಿಯೇ ಸಂಬಳವಾಗಿದ್ದಲ್ಲಿ ಸರ್ಟಿಫಿಕೇಟು ಬಂದರೆ ಖುಷಿ ರಾಜೀನಾಮೆ ಕೊಡುತ್ತದೆ. ಶಾಲೆಗಳಿಗೆ ಮನಸ್ಸಿದ್ದರೆ ಮದ್ದು ಸರಳವಾಗಿದೆ: ಮನೆಯಿಂದ ಬೆಳಗಿನ ನಿಜವಾದ ಒಣಕಸ ತರಿಸಿ, ತರಗತಿಯಲ್ಲೇ ಮಾಡಿಸಿ, ಯಾರಿಗೂ ಬಹುಮಾನ ಕೊಡದಿದ್ದರಾಯಿತು. ಹೂದಾನಿಗಳು ಒಂದೂ ನೆಟ್ಟಗೆ ನಿಲ್ಲಲಾರವು. ನಿಲ್ಲದ ಹೂದಾನಿಯನ್ನು ಕಂಡು ಮಗು ಯೋಚಿಸಬಹುದು. ನೆಟ್ಟಗೆ ನಿಂತದ್ದರ ಬಗ್ಗೆ ಯೋಚನೆ ಮಾಡಿ ಮುಗಿಸಿದವಳು ಅಮ್ಮ.

ಆಟಿಕೆಯ ಕಪಾಟಿನ ವಿಷಯಕ್ಕೂ ಇದೇ ಮಾತು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಪುಟ್ಟ ಮಕ್ಕಳನ್ನು ಒಮ್ಮೆ ನಾಲ್ಕು, ಇನ್ನೊಮ್ಮೆ ಹದಿನಾರು ಆಟಿಕೆಗಳ ನಡುವೆ ಬಿಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದರು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿರುವ ಆಟಿಕೆಗಳ ಗೌರವ ಮಂದಿರ 2005ರಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗೂ 2008ರಲ್ಲಿ ಬರಿಯ ಕೋಲಿಗೂ ಸ್ಥಾನ ಕೊಟ್ಟಿತು. ಫ್ರಿಜ್ ಬಂದ ರಟ್ಟಿನ ಖೋಕಾದೊಳಗೆ ಮೂರು ದಿನ ವಾಸ ಮಾಡಿದ ಮಗುವಿರುವ ಮನೆಗಳಿಗೆ ಇದು ತಡವಾಗಿ ಬಂದ ತೀರ್ಪು, ಅಷ್ಟೆ. ಈಗ ಡಬ್ಬಿಗಳಲ್ಲಿ ಮಾರುವ ಬಣ್ಣದ ಆಟದ ಹಿಟ್ಟು ಪ್ಲೇ-ಡೋ ಕೂಡ ಹುಟ್ಟಿದ್ದು ಆಟಕ್ಕಲ್ಲ. ಕಲ್ಲಿದ್ದಲ ಒಲೆಯ ಮಸಿ ಹಿಡಿದ ಗೋಡೆಕಾಗದವನ್ನು ಒರೆಸಲು ಅಮೆರಿಕದ ಸಿನ್ಸಿನಾಟಿಯ ಕಂಪನಿಯೊಂದು 1930ರ ದಶಕದಲ್ಲಿ ಮಾಡುತ್ತಿದ್ದ ಹಿಟ್ಟು ಅದು. ಗೋಡೆ ಒರೆಸುವವರು ಕಡಿಮೆಯಾದಾಗ ಶಿಶುವಿಹಾರದ ಶಿಕ್ಷಕಿಯೊಬ್ಬರ ಸಲಹೆಯಿಂದ ಅದು ಮಕ್ಕಳ ಕೈಸೇರಿ, 1956ರಲ್ಲಿ ಆಟಿಕೆಯಾಗಿ ಮಾರುಕಟ್ಟೆಗೆ ಬಂತು. ಚಪಾತಿ ಲಟ್ಟಿಸುವ ಹೊತ್ತಿಗೆ ಸೆರಗು ಜಗ್ಗುವ ಮಗುವಿಗೆ ಒಂದು ಉಂಡೆ ಕೊಟ್ಟು ಕೂರಿಸುವ ಉಪಾಯಕ್ಕೆ ನಮ್ಮಲ್ಲಿ ಯಾರೂ ಪೇಟೆಂಟ್ ಕೇಳಲಿಲ್ಲ.

ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಥಾಣೆ ಜಿಲ್ಲೆಯಲ್ಲೇ ಇತ್ತು. ಗುಜರಾತಿನ ಭಾವನಗರದಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕರ ಜೊತೆ ಮಾಂಟೆಸರಿ ಪದ್ಧತಿಯಲ್ಲಿ ಪಳಗಿದ ತಾರಾಬಾಯಿ ಮೋಡಕ್, 1945ರಲ್ಲಿ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಮುಂದೆ ಅದು ಆದಿವಾಸಿಗಳ ನಡುವೆ, ಕೋಸಬಾಡದ ಗುಡ್ಡಕ್ಕೆ ಹೋಯಿತು. ಅಂದು ಥಾಣೆ ಜಿಲ್ಲೆಯಾಗಿದ್ದ ಆ ಭಾಗ 2014ರಿಂದ ಪಾಲಘರ್ ಜಿಲ್ಲೆ. ಮಾಂಟೆಸರಿಯ ನುಣುಪಾದ ಮರದ ಉಪಕರಣಗಳು ಅಲ್ಲಿಯ ಮಕ್ಕಳ ಕೈಗೆ ಎಟುಕುವ ಬೆಲೆಯವಲ್ಲ. ತಾರಾಬಾಯಿ ಮತ್ತು ಅವರ ಜೊತೆಗಾತಿ ಅನುತಾಯಿ ವಾಘ್ ಬೀಜ, ಎಲೆ, ಕಪ್ಪೆಚಿಪ್ಪು, ಕಲ್ಲುಹರಳುಗಳಲ್ಲಿ ಎಣಿಕೆ, ಬಣ್ಣ, ಆಕಾರಗಳನ್ನು ಕಲಿಸಿದರು. ಮಕ್ಕಳು ಬಾರದಿದ್ದರೆ ಅವರ ಅಂಗಳಕ್ಕೇ ಬಾಲವಾಡಿಯನ್ನು ಒಯ್ದರು. ಗಮನಿಸಬೇಕಾದ ಸಂಗತಿಯೆಂದರೆ, ಇದನ್ನು ಅವರು ಬಡವರಿಗಾಗಿ ಮಾಡಿದ ಅಗ್ಗದ ನಕಲು ಎಂದುಕೊಳ್ಳಲಿಲ್ಲ, ಮಗುವಿನ ಸುತ್ತಲಿನ ಬದುಕೇ ಪಾಠವೆಂದು ಕಂಡರು. ತಾರಾಬಾಯಿಗೆ 1962ರಲ್ಲಿ ಪದ್ಮಭೂಷಣ ಬಂತು, ಅನುತಾಯಿಗೆ 1985ರಲ್ಲಿ ಪದ್ಮಶ್ರೀ. ಇದೇ ಹಾದಿಯಲ್ಲಿ ಬಂದ ಅರವಿಂದ ಗುಪ್ತಾ ಕಾನ್ಪುರದ ಐಐಟಿಯಲ್ಲಿ ಓದಿದ ಎಂಜಿನಿಯರ್. ಬೆಂಕಿಕಡ್ಡಿಗಳಿಗೆ ಸೈಕಲ್ ವಾಲ್ವ್ ಟ್ಯೂಬಿನ ಚೂರುಗಳನ್ನು ಸಿಕ್ಕಿಸಿ ತ್ರಿಕೋನ, ಚೌಕ, ಮನೆ, ಗೋಪುರಗಳನ್ನು ಕಟ್ಟಿಸಿದವರು. ಪುಣೆಯಲ್ಲಿ ವರ್ಷಗಟ್ಟಲೆ ಕಸದಿಂದ ವಿಜ್ಞಾನದ ಆಟಿಕೆ ಮಾಡಿ ತೋರಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಅವರ ಆಟಿಕೆಗಳನ್ನು ಮುರಿದು ನೋಡಬಹುದು. ಸಾವಿರ ರೂಪಾಯಿಯ ಆಟಿಕೆ ಮುರಿದರೆ ಮೊದಲು ಮುರಿಯುವುದು ಅಪ್ಪನ ಮುಖ.

ಆದರೆ ಹಣ ಉಳಿಯುತ್ತದೆಯೆಂಬ ಆಸೆಯಲ್ಲಿ ಇದಕ್ಕೆ ಇಳಿಯುವವರಿಗೆ ಮೊದಲೇ ಹೇಳಿಬಿಡುವುದು ನ್ಯಾಯ: ಉಳಿಯುವುದು ಬಹಳ ಕಡಿಮೆ. ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿ ಬಣ್ಣದಲ್ಲದ್ದಿ ಒತ್ತಿದರೆ ಚಂದದ ಹೂವು ಬರುತ್ತದೆ, ನಿಜ. ಮಗು ಒಂದು ಹೂವಿಗೆ ನಿಲ್ಲುವುದಿಲ್ಲ. ಕಾಲು ಕಿಲೋ ಬೆಂಡೆ ಹೂವಾಗಿ, ಅಂದಿನ ಸಾಂಬಾರು ಬರಿಯ ಬೇಳೆಯಲ್ಲಿ ಮುಗಿಯುತ್ತದೆ. ಕಾಯಿಯ ಬುಡದ ಬಿಸಾಡುವ ತೊಟ್ಟನ್ನಷ್ಟೇ ಕೊಟ್ಟರೆ ಸಾಂಬಾರೂ ಉಳಿದೀತು, ಹೂವೂ ಬಂದೀತು. ಉಪ್ಪು, ಮೈದಾ, ಎಣ್ಣೆ ಕಲಸಿ ಮಾಡಿದ ಆನೆ ಮೇ ತಿಂಗಳಲ್ಲಿ ಕಲ್ಲಿನಂತಿರುತ್ತದೆ, ಜೂನ್ ಮಳೆ ಹಿಡಿದ ವಾರದಲ್ಲೇ ಬೆವರಿ ಬೂಷ್ಟು ಹಿಡಿಯುತ್ತದೆ. ಈ ಕರಾವಳಿಯ ಹವೆಯಲ್ಲಿ ಮನೆಯಲ್ಲಿ ಮಾಡಿದ ಯಾವುದಕ್ಕೂ ವರ್ಷ ತುಂಬುವ ಭರವಸೆಯಿಲ್ಲ. ನಿಜಕ್ಕೂ ಖರ್ಚಿಲ್ಲದೆ ನಡೆಯುವುದು ಮನೆಗೆಲಸದ ಮಗ್ಗುಲಲ್ಲೇ ಸಿಗುವ ಆಟ. ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದನ್ನು ಆರತಿಯ ನೀರಿನಲ್ಲಿ ಎಲ್ಲ ಮಕ್ಕಳೂ ನೋಡಿದ್ದಾರೆ. ಸುಣ್ಣ ಮಗುವಿನ ಕಣ್ಣಿಗೆ ಅಪಾಯ. ಅದರ ಬದಲು ಅರಿಸಿನ ಬಳಿದ ಕಾಗದದ ಮೇಲೆ ಬಟ್ಟೆ ಸೋಪಿನ ನೀರಲ್ಲಿ ಗೀಚಲು ಬಿಟ್ಟರೆ ಕೆಂಪು ಗೆರೆಗಳು ಮೂಡುತ್ತವೆ, ನಿಂಬೆರಸ ಮುಟ್ಟಿಸಿದರೆ ಮತ್ತೆ ಹಳದಿ. ಇದರಲ್ಲಿ ರಸಾಯನಶಾಸ್ತ್ರವಿದೆ, ಜೊತೆಗೆ ಅಂಗಿಯ ಮೇಲಿನ ಅರಿಸಿನ ಕಲೆ ಸೋಪು ಹಾಕಿದೊಡನೆ ಯಾಕೆ ಕೆಂಪಾಗುತ್ತದೆಂಬ ಅಮ್ಮನ ಹಳೆಯ ಪ್ರಶ್ನೆಗೆ ಉತ್ತರವೂ ಇದೆ.

ಇಲ್ಲಿಗೆ ಬಂದಾಗ ಬರುವ ಆಕ್ಷೇಪ ಬಲವಾದದ್ದು: ಇದಕ್ಕೆಲ್ಲ ಹೊತ್ತೆಲ್ಲಿ? ಬೆಳಗ್ಗೆ ಫಾಸ್ಟ್ ಲೋಕಲ್ ರೈಲು ಹಿಡಿದು ಹೋಗಿ ರಾತ್ರಿ ಹಿಂತಿರುಗುವ ತಾಯಿಗೆ ಬೆಂಡೆಕಾಯಿ ಹೂವಿನ ಉಪದೇಶ ಮಾಡುವವರು ಆಕೆಯೊಡನೆ ಒಂದು ವಾರ ಮಹಿಳೆಯರ ಡಬ್ಬಿಯಲ್ಲಿ ನಿಂತು ಬರಲಿ ಎನ್ನಬಹುದು. ಆ ಡಬ್ಬಿಯಲ್ಲೇ ರಾತ್ರಿಯ ಅಡುಗೆಗೆ ಸೊಪ್ಪು ಬಿಡಿಸುವ ಹೆಂಗಸರ ಹೊತ್ತಿನ ಲೆಕ್ಕ ಸರಕಾರದ ಬಳಿಯೂ ಇದೆ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಹೀಗಿರುವಾಗ ಇನ್ನೊಂದು ಚಟುವಟಿಕೆಯನ್ನು ತಾಯಿಯ ತಲೆಗೆ ಕಟ್ಟುವುದು ಅನ್ಯಾಯವೇ. ಹಾಗಾಗಿಯೇ ಪ್ರಾಜೆಕ್ಟಿಗೆ ಬೇರೆ ಹೊತ್ತು ಮಾಡಬೇಡಿ, ಇದ್ದ ಕೆಲಸಕ್ಕೇ ಮಗುವನ್ನು ಸೇರಿಸಿ ಎನ್ನುವುದು. ಕಾಲುಚೀಲದ ಜೋಡಿ ಹುಡುಕುವುದು, ಒಣಗಿದ ಬಟ್ಟೆಯಿಂದ ಕ್ಲಿಪ್ಪು ತೆಗೆಯುವುದು, ಕಡಲೆ, ಹೆಸರುಕಾಳು ಬೇರ್ಪಡಿಸುವುದು. ಮೊದಮೊದಲು ಕೆಲಸ ಎರಡರಷ್ಟಾಗುತ್ತದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಮೂರು ವರ್ಷದಲ್ಲಿ ‘ನಾನು ಮಾಡ್ತೇನೆ’ ಅಂದಾಗ ‘ಆಚೆ ಹೋಗು’ ಅನ್ನಿಸಿಕೊಂಡ ಗಂಡುಮಗು ಹದಿಮೂರರಲ್ಲಿ ಕರೆದರೆ ಬರುವುದಿಲ್ಲ. ಮೂವತ್ತಮೂರರಲ್ಲಿ ಅವನೇ ಆ 97ರ ಸರಾಸರಿಯನ್ನು ಕಾಪಾಡುತ್ತಾನೆ. ಹುಡುಗಿಯನ್ನು ಮಾತ್ರ ಒಲೆಯ ಕಡೆ, ಹುಡುಗನನ್ನು ಖೋಕಾದ ಕಡೆ ಕಳಿಸುವ ಮನೆಯಲ್ಲಿ ಇಡೀ ವಾದವೇ ಬಿದ್ದುಹೋಗುತ್ತದೆ.

ಬಡತನವನ್ನು ಹಾಡಿ ಹೊಗಳುವುದು ಸಾಕು, ಈಗ ಕೊಳ್ಳುವ ಶಕ್ತಿಯಿದೆ, ಕೊಳ್ಳೋಣ ಎನ್ನುವವರೂ ಇದ್ದಾರೆ. ಕೊಳ್ಳಲಿ. ಚನ್ನಪಟ್ಟಣದ ಬುಗುರಿಯನ್ನು ಕೊಂಡರೆ ಅಲ್ಲಿಯ ಕುಶಲಕರ್ಮಿಗೆ ಕೂಲಿಯಾದರೂ ಆಯಿತು. ಸುರಕ್ಷತೆಯ ಪ್ರಶ್ನೆ ಇದಕ್ಕಿಂತ ಗಂಭೀರ. 2021ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಅಡುಗೆಮನೆಯ ಆಟಿಕೆಗೆ ಗುರುತು ಹಾಕುವವರಿಲ್ಲ. ಆಟಿಕೆ ತಯಾರಕರು ಮೂರು ವರ್ಷದೊಳಗಿನ ಮಕ್ಕಳಿಗಾಗಿ ಬಳಸುವ ಅಳತೆ ಮನೆಗೂ ಒಗ್ಗುತ್ತದೆ: 31.7 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವುದೂ ಗಂಟಲಿಗೆ ಅಪಾಯ. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. ಅದಕ್ಕಿಂತ ತುಸು ದೊಡ್ಡದು ಎಂದಿಟ್ಟುಕೊಂಡರೆ ಸಾಕು. ಹುಣಸೆಬೀಜ, ಗುಂಡಿ, ಗೋಲಿ, ಕಡಲೆಕಾಳು ಎಲ್ಲ ಇದರಲ್ಲಿ ಬಂದವು, ಮೇಲೆ ಹೇಳಿದ ಕಾಳು ಬೇರ್ಪಡಿಸುವ ಕೆಲಸವೂ ಮೂರು ದಾಟಿದವರಿಗೇ. ಹಾಡುವ ಕಾರ್ಡು, ಪ್ಲಾಸ್ಟಿಕ್ ಹಣತೆಗಳೊಳಗಿನ ಗುಂಡಿ ಬ್ಯಾಟರಿಯಂತೂ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಮಗು ನುಂಗಿದೆಯೆಂಬ ಗುಮಾನಿ ಬಂದರೂ ಆಸ್ಪತ್ರೆಗೆ ಓಡಬೇಕು. ಮೈದಾ ಅಂಟಿಗೆ ಹುಳ ಬಾರದಂತೆ ಹಿಂದಿನವರು ಮೈಲುತುತ್ತ ಬೆರೆಸುತ್ತಿದ್ದರು, ಅದು ವಿಷ. ಹಿಂದಿನವರು ಮಾಡಿದ್ದೆಲ್ಲ ಮಕ್ಕಳಿಗೆ ಹಿತವೆಂದು ನಂಬುವಂತಿಲ್ಲ.

ಉಳಿದದ್ದು ಜಾಗದ ತಕರಾರು, ಇದಕ್ಕೆ ಮನೆಯೊಳಗೆ ಉತ್ತರವಿಲ್ಲ. ಖೋಕಾ ಒಳಗೆ ಬಂದರೆ ಅಜ್ಜ ಹೊರಗೆ ಕೂರಬೇಕಾದ ಮನೆಗಳಿವು. ಉತ್ತರ ಇದ್ದದ್ದು ಕಟ್ಟಡದ ಕಂಪೌಂಡಿನಲ್ಲಿ. ದೀಪಾವಳಿಗೆ ಮರಾಠಿ ಮಕ್ಕಳು ಮಣ್ಣು, ಇಟ್ಟಿಗೆ, ಗೋಣಿಚೀಲಗಳಲ್ಲಿ ಶಿವಾಜಿಯ ಕಿಲ್ಲಾ ಕಟ್ಟುವಾಗ ಕನ್ನಡದ ಮಕ್ಕಳೂ ಮೊಣಕೈವರೆಗೆ ಕೆಸರಾಗುತ್ತಾರೆ. ಅಂದೇ ಸಂಜೆ ಮನೆಯ ಮುಂದೆ ಬಿದಿರುಕಡ್ಡಿಯ ಗೂಡುದೀಪಕ್ಕೆ ಬಣ್ಣದ ಕಾಗದವನ್ನೂ ಅಂಟಿಸುತ್ತಾರೆ. ಈಗ ಪ್ಲಾಸ್ಟರಿನ ಸಿದ್ಧ ಕಿಲ್ಲಾ ಕೊಂಡು ತಂದು ಬಾಲ್ಕನಿಯಲ್ಲಿಡುವವರಿದ್ದಾರೆ, ಟೈಲ್ಸ್ ಹಾಸಿದ ಕಂಪೌಂಡಿಗೆ ಮಣ್ಣು ತರಬಾರದೆನ್ನುವ ಸೊಸೈಟಿಗಳೂ ಇವೆ. ವರ್ತಕ ನಗರದಲ್ಲಿ ಸರಕಾರಿ ವಸತಿ ಮಂಡಳಿಯಾದ ಮ್ಹಾಡಾದ ಕಟ್ಟಡಗಳು ಉರುಳಿ ಟವರುಗಳು ಏಳುತ್ತಿರುವ ಈ ದಿನಗಳಲ್ಲಿ ಮಣ್ಣಿಗೇನೂ ಬರವಿಲ್ಲ, ಲಾರಿಗಟ್ಟಲೆ ಹೊರಹೋಗುತ್ತಿದೆ. ಪಾರ್ಕಿಂಗಿನ ಒಂದು ಕಾರಿನಷ್ಟು ಜಾಗವನ್ನು ಹದಿನೈದು ದಿನಕ್ಕೆ ಮಕ್ಕಳಿಗೆ ಬಿಡುವಂತೆ ಸೊಸೈಟಿಯ ಸಭೆಯಲ್ಲಿ ಕೇಳಬೇಕು, ಅಷ್ಟೆ. ಕಿಲ್ಲಾದ ಇಳಿಜಾರು ಹಬ್ಬದ ಹೊತ್ತಿಗೆ ಹಸುರಾಗಬೇಕೆಂದರೆ ಐದಾರು ದಿನ ಮೊದಲೇ ಒದ್ದೆ ಮಣ್ಣಿಗೆ ಸಾಸಿವೆ ಎರಚಿ ದಿನಾ ನೀರು ಚಿಮುಕಿಸಬೇಕು. ಡಬ್ಬದಿಂದ ಎಷ್ಟು ಸಾಸಿವೆ ಹೋಯಿತೆಂಬುದು ಮರುದಿನದ ಒಗ್ಗರಣೆಗೆ ಎಣ್ಣೆ ಕಾದಮೇಲೆ ತಿಳಿಯುತ್ತದೆ.